ಹ್ಯಾರಿ ಬರ್ನ್: ಟೆನೆಸ್ಸಿಯ ಒಬ್ಬ ಶಾಸಕರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹ್ಯಾರಿ ಬರ್ನ್ ಎಂದರೆ ಯಾರು?

ಅಮೆರಿಕದ ಟೆನೆಸ್ಸಿ ರಾಜ್ಯದ ಶಾಸನಸಭೆಗೆ 1918ರಲ್ಲಿ ಆಯ್ಕೆಯಾದ ಯುವಕ. ಪೂರ್ತಿ ಹೆಸರು ಹ್ಯಾರಿ ಥಾಮಸ್ ಬರ್ನ್. 1920ರ ಆಗಸ್ಟ್ 18ರಂದು, ತಮ್ಮ 24ನೇ ವಯಸ್ಸಿನಲ್ಲಿ, ಅವರು ಹೇಳಿದ ಒಂದು ‘ಹೌದು’ ಅಮೆರಿಕ ಸಂವಿಧಾನದ 19ನೇ ತಿದ್ದುಪಡಿಯನ್ನು ದಡ ಮುಟ್ಟಿಸಿತು. ಹೆಣ್ಣು ಎಂಬ ಕಾರಣಕ್ಕೆ ಮತದಾನದ ಹಕ್ಕನ್ನು ನಿರಾಕರಿಸುವಂತಿಲ್ಲ ಎನ್ನುವುದೇ ಆ ತಿದ್ದುಪಡಿ. ಅಮ್ಮನ ಕಾಗದ ಓದಿ ಮನಸ್ಸು ಬದಲಿಸಿದ ಹುಡುಗ ಎಂದು ಅವರ ಕತೆಯನ್ನು ಎರಡು ಸಾಲಿನಲ್ಲಿ ಮುಗಿಸುವ ರೂಢಿಯಿದೆ. ಕತೆ ಸುಳ್ಳಲ್ಲ. ಆದರೆ ಆ ಎರಡು ಸಾಲಿನಲ್ಲಿ ಅಮ್ಮನಿಗೂ ಅನ್ಯಾಯವಾಗಿದೆ, ಮಗನಿಗೂ ಅನ್ಯಾಯವಾಗಿದೆ. ಅದಕ್ಕಾಗಿಯೇ ಇಲ್ಲಿ ಸ್ವಲ್ಪ ವಿವರವಾಗಿ ಬರೆದಿದ್ದೇನೆ.

ಅವರು ಯಾವ ಊರಿನವರು, ಮನೆತನ ಎಂಥದ್ದು?

ಹುಟ್ಟಿದ್ದು 1895ರ ನವೆಂಬರ್ 12ರಂದು, ಟೆನೆಸ್ಸಿಯ ಪೂರ್ವ ಭಾಗದ ಮ್ಯಾಕ್‌ಮಿನ್ ಕೌಂಟಿಯ ಮೌಸ್ ಕ್ರೀಕ್ ಎಂಬ ಪುಟ್ಟ ಊರಿನಲ್ಲಿ. ಹೆಸರಿನ ಅರ್ಥ ಇಲಿಹಳ್ಳ. ಅದೇ ರಾಜ್ಯದಲ್ಲಿ ಮಾಸಿ ಕ್ರೀಕ್ ಎಂಬ ಇನ್ನೊಂದು ಊರೂ ಇತ್ತು. ಒಂದು ಊರಿನ ಸರಕು ಇನ್ನೊಂದು ಊರಿನಲ್ಲಿ ಇಳಿಯುವ ಗೊಂದಲ ತಪ್ಪಿಸಲು 1897ರಲ್ಲಿ ಮೌಸ್ ಕ್ರೀಕ್‌ಗೆ ನಯೋಟಾ ಎಂದು ಹೊಸ ಹೆಸರಿಟ್ಟರು. ಆ ಊರಿನ ರೈಲು ನಿಲ್ದಾಣದಲ್ಲಿ ಹ್ಯಾರಿಯ ತಂದೆ ಜೇಮ್ಸ್ ಲಫಾಯೆಟ್ ಬರ್ನ್ ಸ್ಟೇಷನ್ ಮಾಸ್ತರರು. ಮಗನೂ ಮುಂದೆ ಸದರ್ನ್ ರೈಲ್ವೆಯಲ್ಲಿಯೇ ಕೆಲಸಕ್ಕೆ ಸೇರಿದರು. ನಾಲ್ಕು ಮಕ್ಕಳಲ್ಲಿ ಹ್ಯಾರಿ ಹಿರಿಯರು.

ತಾಯಿ ಫೆಬ್ ಎನ್ಸ್‌ಮಿಂಗರ್ ಬರ್ನ್. ಪಕ್ಕದ ಅಥೆನ್ಸ್ ಪಟ್ಟಣದ ಕಾಲೇಜಿನಲ್ಲಿ ಓದಿದವರು, ಶಾಲೆಯಲ್ಲಿ ಪಾಠ ಹೇಳಿದವರು. 1916ರಲ್ಲಿ ಗಂಡ ತೀರಿಕೊಂಡ ಮೇಲೆ ಜಮೀನಿನ ಹೊಣೆಯೆಲ್ಲ ಅವರ ಹೆಗಲಿಗೇ ಬಂತು. ಮನೆ ನಡೆಸುತ್ತಿದ್ದರು, ಹೊಲ ನೋಡಿಕೊಳ್ಳುತ್ತಿದ್ದರು, ದೂರದ ರಾಜಧಾನಿ ನ್ಯಾಶ್‌ವಿಲ್‌ನ ಸದನದಲ್ಲಿ ಯಾರು ಏನು ಮಾತಾಡಿದರು ಎಂಬುದನ್ನು ಪತ್ರಿಕೆಯಲ್ಲಿ ಬಿಡದೆ ಓದುತ್ತಿದ್ದರು. ಮತ ಹಾಕುವ ಪೂರ್ಣ ಹಕ್ಕು ಮಾತ್ರ ಅವರಿಗಿರಲಿಲ್ಲ.

22ರ ಹರೆಯದಲ್ಲಿ ಶಾಸಕರಾದದ್ದು ಹೇಗೆ?

ರಿಪಬ್ಲಿಕನ್ ಪಕ್ಷದಿಂದ. ಟೆನೆಸ್ಸಿ ಒಟ್ಟಾರೆ ಡೆಮಾಕ್ರಟಿಕ್ ಪಕ್ಷದ ಹಿಡಿತದಲ್ಲಿದ್ದರೂ ಪೂರ್ವದ ಗುಡ್ಡಗಾಡು ಪ್ರದೇಶ ಅಂತರ್ಯುದ್ಧದ ಕಾಲದಿಂದ ರಿಪಬ್ಲಿಕನ್ನರ ಕಡೆಗೇ ವಾಲಿತ್ತು. 1918ರ ಚುನಾವಣೆ ಗೆದ್ದಾಗ ಬರ್ನ್ ಇಡೀ ಸದನದಲ್ಲಿ ಅತಿ ಕಿರಿಯ. 99 ಸದಸ್ಯರ ಕೆಳಮನೆ, ಎರಡು ವರ್ಷದ ಅವಧಿ. ಆಗಿನ ರಾಜ್ಯ ಸಂವಿಧಾನದ ಪ್ರಕಾರ ಶಾಸಕರಿಗೆ ಅಧಿವೇಶನದ ದಿನಕ್ಕೆ 4 ಡಾಲರ್ ಭತ್ಯೆ. ಅದರಿಂದ ಬದುಕು ಸಾಗದು. ರೈತರು, ವಕೀಲರು, ಅಂಗಡಿಯವರು, ರೈಲ್ವೆಯವರು ಕೆಲವು ವಾರ ನ್ಯಾಶ್‌ವಿಲ್‌ಗೆ ಬಂದು ಶಾಸನ ಮಾಡಿ ಮತ್ತೆ ತಮ್ಮ ಕಸುಬಿಗೆ ಮರಳುತ್ತಿದ್ದರು. ಬರ್ನ್ ಕೂಡ ರೈಲ್ವೆ ಕೆಲಸ ಬಿಡಲಿಲ್ಲ. ಜೊತೆಗೆ ತಮ್ಮ ಭಾಗದ ಹಿರಿಯ ಸೆನೆಟರ್ ಹರ್ಶೆಲ್ ಕ್ಯಾಂಡ್ಲರ್ ಅವರ ಬಳಿ ಕಾನೂನು ಓದುತ್ತಿದ್ದರು. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ದೇಶದ ಸಂವಿಧಾನದ ತಿದ್ದುಪಡಿಗೂ ಒಂದು ರಾಜ್ಯದ ಶಾಸಕರಿಗೂ ಏನು ಸಂಬಂಧ?

ನಮ್ಮಲ್ಲಿ ಸಂವಿಧಾನದ ಹೆಚ್ಚಿನ ತಿದ್ದುಪಡಿಗಳಿಗೆ ಸಂಸತ್ತಿನ ಒಪ್ಪಿಗೆ ಸಾಕು. ಕೆಲವಕ್ಕೆ ಮಾತ್ರ ಅರ್ಧದಷ್ಟು ರಾಜ್ಯಗಳ ಶಾಸಕಾಂಗಗಳ ಅನುಮೋದನೆ ಬೇಕು. ಅಮೆರಿಕದಲ್ಲಿ ಪ್ರತಿಯೊಂದು ತಿದ್ದುಪಡಿಗೂ ನಾಲ್ಕರಲ್ಲಿ ಮೂರು ಪಾಲು ರಾಜ್ಯಗಳು ಒಪ್ಪಬೇಕು. ಆಗ ಇದ್ದದ್ದು 48 ರಾಜ್ಯಗಳು, ಬೇಕಾದದ್ದು 36. ಅಮೆರಿಕದ ಸಂಸತ್ತು 1919ರ ಜೂನ್ 4ರಂದು ತಿದ್ದುಪಡಿಯನ್ನು ಅಂಗೀಕರಿಸಿ ರಾಜ್ಯಗಳಿಗೆ ಕಳಿಸಿತು. 1920ರ ಮಾರ್ಚ್‌ನಲ್ಲಿ ವಾಷಿಂಗ್ಟನ್ ರಾಜ್ಯ ಒಪ್ಪಿದಾಗ ಲೆಕ್ಕ 35ಕ್ಕೆ ಬಂತು. ಅಲ್ಲಿಗೆ ಬಂಡಿ ನಿಂತುಬಿಟ್ಟಿತು.

ಹಾಗಾದರೆ 36ನೆಯದು ಟೆನೆಸ್ಸಿಯೇ ಏಕಾಯಿತು?

ಬೇರೆ ಬಾಗಿಲುಗಳು ಒಂದೊಂದಾಗಿ ಮುಚ್ಚಿದ್ದವು. ಡೆಲವೇರ್ ಜೂನ್‌ನಲ್ಲಿ ಕೈಕೊಟ್ಟಿತು. ಕನೆಕ್ಟಿಕಟ್ ಮತ್ತು ವರ್ಮಾಂಟ್ ರಾಜ್ಯಗಳ ಗವರ್ನರ್‌ಗಳು ವಿಶೇಷ ಅಧಿವೇಶನ ಕರೆಯಲು ಒಪ್ಪಲಿಲ್ಲ. ಟೆನೆಸ್ಸಿಯಲ್ಲೂ ಒಂದು ತೊಡಕಿತ್ತು. ಸಂಸತ್ತು ಕಳಿಸಿದ ತಿದ್ದುಪಡಿಯ ಬಗ್ಗೆ, ಅದು ಬಂದ ನಂತರ ಚುನಾಯಿತವಾದ ಶಾಸನಸಭೆ ಮಾತ್ರ ತೀರ್ಮಾನಿಸಬೇಕು ಎಂದು ರಾಜ್ಯದ ಸಂವಿಧಾನ ಹೇಳುತ್ತಿತ್ತು. ಜೂನ್ 1ರಂದು ಒಹಾಯೊ ರಾಜ್ಯದ ಪ್ರಕರಣವೊಂದರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಅನುಮೋದನೆಯ ಅಧಿಕಾರ ಶಾಸನಸಭೆಗೆ ನೇರವಾಗಿ ದೇಶದ ಸಂವಿಧಾನದಿಂದಲೇ ಬಂದದ್ದು, ರಾಜ್ಯಗಳು ಅದಕ್ಕೆ ಹೊಸ ಷರತ್ತು ಸೇರಿಸುವಂತಿಲ್ಲ ಎಂಬ ದಾರಿ ತೋರಿಸಿತು. ಅಧ್ಯಕ್ಷ ವುಡ್ರೊ ವಿಲ್ಸನ್ ತಂತಿ ಕಳಿಸಿ ಒತ್ತಾಯಿಸಿದರು. ಗವರ್ನರ್ ಆಲ್ಬರ್ಟ್ ರಾಬರ್ಟ್ಸ್ ಆಗಸ್ಟ್ 9ಕ್ಕೆ ವಿಶೇಷ ಅಧಿವೇಶನ ಕರೆದರು.

ಕಾನೂನಿನ ಈ ತೊಡಕನ್ನು ಒಣ ವಿವರವೆಂದು ಬಿಡಬೇಡಿ. ‘ನಾನು ಇದಕ್ಕೆ ಮತ ಹಾಕಿದರೆ ನನ್ನ ಪ್ರಮಾಣವಚನಕ್ಕೆ ಭಂಗವಾಗುತ್ತದೆಯೇ’ ಎಂಬ ಪ್ರಶ್ನೆ ಆ ವಾರವಿಡೀ ಹಲವು ಶಾಸಕರನ್ನು ಕಾಡಿತು. ಕೆಲವರಿಗೆ ಅದು ನಿಜವಾದ ಸಂಕಟ, ಕೆಲವರಿಗೆ ಒಳ್ಳೆಯ ನೆಪ.

ಆಗ ನ್ಯಾಶ್‌ವಿಲ್ ಹೇಗಿತ್ತು?

ಜಾತ್ರೆಯ ಹಾಗಿತ್ತು. ಪರ, ವಿರೋಧ ಎರಡೂ ಪಾಳೆಯದವರು ಒಂದೇ ಹರ್ಮಿಟೇಜ್ ಹೋಟೆಲಿನಲ್ಲಿ ಬೀಡುಬಿಟ್ಟಿದ್ದರು. ಮಹಿಳೆಯರ ಮತದಾನದ ಹಕ್ಕಿನ ಹೋರಾಟದ ರಾಷ್ಟ್ರಮಟ್ಟದ ನಾಯಕಿ ಕ್ಯಾರಿ ಚಾಪ್‌ಮನ್ ಕ್ಯಾಟ್ ವಾರಗಟ್ಟಲೆ ಅಲ್ಲೇ ಉಳಿದು ಸ್ಥಳೀಯ ಮಹಿಳೆಯರಿಗೆ ಬೆನ್ನೆಲುಬಾದರು. ಪರವಾದವರು ಹಳದಿ ಗುಲಾಬಿ ಮುಡಿದರು, ವಿರೋಧಿಗಳು ಕೆಂಪು. ಶಾಸಕರ ಕೋಟಿನ ಮೇಲಿನ ಹೂವಿನ ಬಣ್ಣ ನೋಡಿ ಮತ ಎಣಿಸುವುದು ದಿನದ ಕಾಯಕವಾಯಿತು. ಮದ್ಯಪಾನ ನಿಷೇಧದ ಕಾಲ ಅದು. ಆದರೂ ಹೋಟೆಲಿನ ಎಂಟನೇ ಮಹಡಿಯ ಕೋಣೆಯೊಂದರಲ್ಲಿ ವಿರೋಧಿ ಬಣದವರು ಶಾಸಕರಿಗೆ ವಿಸ್ಕಿಯನ್ನು ಧಾರಾಳವಾಗಿ ಸುರಿದರು.

ಮತದಾನದ ಹಕ್ಕನ್ನು ವಿರೋಧಿಸಿದವರಲ್ಲಿ ಮಹಿಳೆಯರೂ ಇದ್ದರು. ಟೆನೆಸ್ಸಿಯಲ್ಲಿ ಅವರ ಮುಂದಾಳು ಜೋಸೆಫೀನ್ ಪಿಯರ್ಸನ್. ಮತದಾನದ ಹಕ್ಕು ಈ ರಾಜ್ಯಕ್ಕೆ ಬಂದರೆ ಅದರ ವಿರುದ್ಧ ಹೋರಾಡುತ್ತೇನೆ ಎಂದು ಆಕೆ ತನ್ನ ತಾಯಿಗೆ ಮಾತು ಕೊಟ್ಟಿದ್ದರು. ತಾಯಿ ತೀರಿಕೊಂಡ ಮೇಲೂ ಆ ಮಾತಿಗೆ ನಿಂತರು. ಬರ್ನ್ ಅವರ ಕತೆಯನ್ನು ಹೇಳುವವರು ಇದನ್ನು ಬಿಟ್ಟೇಬಿಡುತ್ತಾರೆ. ಆ ಆಗಸ್ಟ್‌ನಲ್ಲಿ ತಾಯಿಯ ಮಾತು ಎರಡೂ ಕಡೆ ಕೆಲಸ ಮಾಡುತ್ತಿತ್ತು.

ಆಗಸ್ಟ್ 18ರಂದು ಸದನದಲ್ಲಿ ನಡೆದದ್ದೇನು?

ಮೇಲ್ಮನೆ ಆಗಸ್ಟ್ 13ರಂದೇ 25–4ರಿಂದ ಒಪ್ಪಿಗೆ ಕೊಟ್ಟಿತ್ತು. ಆ ಚರ್ಚೆಯಲ್ಲಿ ಅತಿ ಕಟುವಾಗಿ ಮಾತಾಡಿ ವಿರೋಧಿಸಿದವರು ಬರ್ನ್ ಅವರ ಗುರು ಕ್ಯಾಂಡ್ಲರ್. ಕೆಳಮನೆಯಲ್ಲಿ ಚಿತ್ರ ಬೇರೆ. ಸ್ಪೀಕರ್ ಸೆತ್ ವಾಕರ್ ಮೊದಲು ಪರವಾಗಿದ್ದವರು, ಅಧಿವೇಶನದ ಹೊತ್ತಿಗೆ ವಿರೋಧಿಗಳ ನಾಯಕರಾಗಿದ್ದರು. 18ರ ಬೆಳಿಗ್ಗೆ, ಗೆಲುವು ತಮ್ಮದೇ ಎಂಬ ಧೈರ್ಯದಿಂದ, ನಿರ್ಣಯವನ್ನು ಬದಿಗಿಡಬೇಕೆಂಬ ಸೂಚನೆ ಮಂಡಿಸಿದರು. ಅದು ಗೆದ್ದರೆ ತಿದ್ದುಪಡಿಯ ಕತೆ ಟೆನೆಸ್ಸಿಯಲ್ಲಿ ಮುಗಿದ ಹಾಗೆಯೇ.

ಸದನದಲ್ಲಿ ಹಾಜರಿದ್ದವರು 96. ಹೆಸರು ಕೂಗಿದರು. 48–48. ಮತ್ತೊಮ್ಮೆ ಕೂಗಿದರು. ಮತ್ತೆ 48–48. ಎರಡೂ ಸಲ ಬರ್ನ್ ಬದಿಗಿಡುವ ಪರವೇ ಮತ ಹಾಕಿದರು. ಅವರ ಕೋಟಿನ ಮೇಲೆ ಇದ್ದದ್ದು ಕೆಂಪು ಗುಲಾಬಿ. ಸಮಬಲವಾದ್ದರಿಂದ ಸೂಚನೆ ಬಿದ್ದುಹೋಯಿತು. ಈ ಸಮಬಲಕ್ಕೆ ಕಾರಣರಾದವರು ಗಿಬ್ಸನ್ ಕೌಂಟಿಯ ಡೆಮಾಕ್ರಟ್ ಶಾಸಕ ಬ್ಯಾಂಕ್ಸ್ ಟರ್ನರ್. ವಿರೋಧಿಗಳ ಲೆಕ್ಕದಲ್ಲಿದ್ದ ಅವರು ಬದಿಗಿಡುವ ಸೂಚನೆಗೆ ಇಲ್ಲವೆಂದರು. ಟರ್ನರ್ ಇಲ್ಲದಿದ್ದರೆ ಬರ್ನ್ ಅವರ ಸರದಿಯೇ ಬರುತ್ತಿರಲಿಲ್ಲ.

ಈಗ ನೇರ ಪ್ರಶ್ನೆ: ತಿದ್ದುಪಡಿಯನ್ನು ಒಪ್ಪುತ್ತೀರೋ ಇಲ್ಲವೋ? ಮತ್ತೆ ಸಮಬಲವಾದರೆ ಈ ಬಾರಿ ಬೀಳುವುದು ತಿದ್ದುಪಡಿ. ಹೆಸರು ಕರೆಯುವುದು ಅಕ್ಷರ ಕ್ರಮದಲ್ಲಿ. ‘ಬಿ’ ಅಕ್ಷರದ ಬರ್ನ್ ಅವರ ಹೆಸರು ಬೇಗ ಬಂತು. ‘ಹೌದು’ ಎಂದರು. ಎಷ್ಟು ಬೇಗ ಹೇಳಿದರೆಂದರೆ, ಏನಾಯಿತೆಂದು ಅರಿಯಲು ಸದನಕ್ಕೆ ಒಂದು ಗಳಿಗೆ ಬೇಕಾಯಿತು. ಟರ್ನರ್ ತಮ್ಮ ಹೆಸರು ಬಂದಾಗ ಸುಮ್ಮನಿದ್ದು, ಕೊನೆಯಲ್ಲಿ ಎದ್ದು ನಿಂತು ತಮ್ಮದೂ ‘ಹೌದು’ ಎಂದು ಬರೆಸಿದರು. 49–47. ಗ್ಯಾಲರಿಯಿಂದ ಹಳದಿ ಹೂಗಳ ಮಳೆ ಸುರಿಯಿತು.

ಕೆಲವೆಡೆ 50–46 ಎಂದು ಬರೆದಿರುತ್ತದೆ. ಯಾವುದು ಸರಿ?

ಎರಡೂ ಸರಿ. ಸೋತ ಕೂಡಲೇ ಸ್ಪೀಕರ್ ವಾಕರ್ ತಮ್ಮ ಮತವನ್ನು ‘ಹೌದು’ ಎಂದು ಬದಲಿಸಿಕೊಂಡರು. ಗೆದ್ದ ಕಡೆಯವರು ಮಾತ್ರ ಮರುಪರಿಶೀಲನೆ ಕೋರಬಹುದು ಎಂಬ ನಿಯಮ ಇದ್ದದ್ದರಿಂದ ಮಾಡಿದ ತಂತ್ರ ಅದು. ಆದರೆ ಆ ಬದಲಾವಣೆಯಿಂದಲೇ 99 ಸದಸ್ಯರ ಸದನದಲ್ಲಿ ತಿದ್ದುಪಡಿಗೆ ಸರಿಯಾಗಿ 50 ಮತ, ಅಂದರೆ ಇಡೀ ಸದನದ ಬಹುಮತ ಸಿಕ್ಕಿತು. ವಿರೋಧಿಗಳ ಕೈಯಿಂದಲೇ ಬಂದ ಕೊನೆಯ ಕಲ್ಲು.

ತಾಯಿಯ ಕಾಗದದಲ್ಲಿ ಏನು ಬರೆದಿತ್ತು?

ಏಳು ಪುಟಗಳ ಕಾಗದ. ಮತದಾನಕ್ಕೆ ಸ್ವಲ್ಪ ಮೊದಲು ಕೈಸೇರಿ, ಆ ಬೆಳಿಗ್ಗೆ ಬರ್ನ್ ಅವರ ಕೋಟಿನ ಜೇಬಿನಲ್ಲಿತ್ತು. ಅದನ್ನು ರಾಜಕೀಯ ಪತ್ರವೆಂದುಕೊಂಡು ಓದಲು ಕೂತರೆ ಆಶ್ಚರ್ಯವಾಗುತ್ತದೆ. ತುಂಬಿರುವುದೆಲ್ಲ ಮನೆಯ ಸುದ್ದಿ, ಊರಿನ ಸುದ್ದಿ. ನಡುನಡುವೆ ಮಾತ್ರ ಆ ಸಾಲುಗಳು ತಲೆಯೆತ್ತುತ್ತವೆ. ಹುರ್ರಾ ಎಂದು ಹುರಿದುಂಬಿಸಿ, ಮತದಾನದ ಹಕ್ಕಿನ ಪರ ಮತ ಹಾಕು, ಅವರನ್ನು ಅನುಮಾನದಲ್ಲಿ ಇಡಬೇಡ ಎನ್ನುತ್ತಾರೆ. ವಿರೋಧಿ ಭಾಷಣಗಳನ್ನು ಗಮನಿಸಿದ್ದೇನೆ, ಬಹಳ ಕಹಿಯಾಗಿದ್ದವು ಎನ್ನುತ್ತಾರೆ. ನಿನ್ನ ನಿಲುವೇನೆಂದು ಕಾಯುತ್ತಿದ್ದೇನೆ, ಇನ್ನೂ ಏನೂ ಕಾಣಲಿಲ್ಲ ಎಂದು ಮೆಲ್ಲಗೆ ಚುಚ್ಚುತ್ತಾರೆ. ಕೊನೆಯಲ್ಲಿ, ಒಳ್ಳೆಯ ಹುಡುಗನಾಗಿರು, ಅನುಮೋದನೆಗೆ ‘ರ್‍ಯಾಟ್’ ಸೇರಿಸಲು ಶ್ರೀಮತಿ ಕ್ಯಾಟ್ ಅವರಿಗೆ ನೆರವಾಗು ಎಂಬ ಮಾತು.

ಈ ಕೊನೆಯದು ಶ್ಲೇಷೆ. ಅನುಮೋದನೆಗೆ ಇಂಗ್ಲಿಷಿನ ಪದ ‘ರ್‍ಯಾಟಿಫಿಕೇಷನ್’. ಅದರ ತಲೆಯಲ್ಲೇ ‘ರ್‍ಯಾಟ್’, ಅಂದರೆ ಇಲಿ, ಕೂತಿದೆ. ನಾಯಕಿಯ ಮನೆತನದ ಹೆಸರು ಕಿವಿಗೆ ಬೆಕ್ಕಿನ ಹಾಗೆಯೇ ಕೇಳಿಸುತ್ತದೆ. ಪತ್ರಿಕೆ ಓದಿ, ನಾಯಕಿಯ ಹೆಸರು ಬಲ್ಲ, ಪದಗಳೊಂದಿಗೆ ಆಡಬಲ್ಲ ಹೆಣ್ಣುಮಗಳು ಬರೆದ ಸಾಲು ಇದು. ಇಲಿಹಳ್ಳ ಎಂದಿದ್ದ ಊರಿನಿಂದ ಬಂದ ಕಾಗದವೆಂದು ನೆನೆದಾಗಲೆಲ್ಲ ನನಗೆ ಆ ಸಾಲು ಇನ್ನಷ್ಟು ಇಷ್ಟವಾಗುತ್ತದೆ.

ಅಮ್ಮ ಹೇಳಿದರೆಂದೇ ಅವರು ಮತ ಹಾಕಿದರೇ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಉತ್ತರ ಕೊಟ್ಟವರು ಸ್ವತಃ ಬರ್ನ್. ಮರುದಿನವೇ ಸದನದಲ್ಲಿ ಹೇಳಿಕೆ ನೀಡಿ ಅದನ್ನು ನಡಾವಳಿಯಲ್ಲಿ ದಾಖಲಿಸಿದರು. ಅವರು ಕೊಟ್ಟ ಕಾರಣಗಳ ಕ್ರಮವನ್ನು ನೋಡಿ. ಪೂರ್ಣ ಮತದಾನದ ಹಕ್ಕು ಒಂದು ಹಕ್ಕೆಂದೇ ನಂಬುತ್ತೇನೆ ಎನ್ನುವುದು ಮೊದಲು. ಅನುಮೋದಿಸಲು ನಮಗೆ ನೈತಿಕ ಹಾಗೂ ಕಾನೂನಿನ ಅಧಿಕಾರ ಇತ್ತು ಎನ್ನುವುದು ನಂತರ. ಪ್ರಮಾಣವಚನದ ಆ ತೊಡಕಿಗೆ ಉತ್ತರ ಇದು. ಆಮೇಲೆ ಅಮ್ಮ: ತಾಯಿಯ ಸಲಹೆಯೇ ಮಗನಿಗೆ ಯಾವಾಗಲೂ ಕ್ಷೇಮ, ನನ್ನ ತಾಯಿ ಪರವಾಗಿ ಮತ ಹಾಕು ಎಂದಿದ್ದರು. ಮುಂದೆ, 1 ಕೋಟಿ 70 ಲಕ್ಷ ಮಹಿಳೆಯರನ್ನು ರಾಜಕೀಯ ದಾಸ್ಯದಿಂದ ಬಿಡಿಸುವ ಅಪರೂಪದ ಅವಕಾಶ ತಮಗೆ ದಕ್ಕಿತೆಂಬ ಮಾತು. ಕೊನೆಗೆ ಪಕ್ಷದ ಕೀರ್ತಿ.

ಹಾಗಾದರೆ ಎರಡು ಸಲ ಬದಿಗಿಡಲು ಮತ ಹಾಕಿದ್ದೇಕೆ? ನವೆಂಬರಿನಲ್ಲಿ ಅವರು ಮತ್ತೆ ಚುನಾವಣೆ ಎದುರಿಸಬೇಕಿತ್ತು. ಕ್ಷೇತ್ರದಲ್ಲಿ ವಿರೋಧ ಜೋರಾಗಿತ್ತು, ಗುರುವೇ ಎದುರು ಪಾಳೆಯದಲ್ಲಿದ್ದರು. ವಿಷಯ ಮುಂದಕ್ಕೆ ಹೋದರೆ ಚುನಾವಣೆ ಮುಗಿಸಿಕೊಂಡು ನೋಡಿಕೊಳ್ಳಬಹುದಿತ್ತು. ಎಷ್ಟೋ ಶಾಸಕರು ಹಿಡಿಯುವ ದಾರಿ ಅದು, ಅವರೂ ಹಿಡಿದರು. ಆದರೆ ನುಣುಚಿಕೊಳ್ಳುವ ದಾರಿ ಮುಚ್ಚಿ, ಹೌದೋ ಅಲ್ಲವೋ ಎಂದು ಹೇಳಲೇಬೇಕಾದಾಗ, ತಾವು ನಂಬಿದ್ದನ್ನು ಹೇಳಿದರು. ಕಾಗದ ಅವರಿಗೆ ಹೊಸ ಅಭಿಪ್ರಾಯ ಕೊಡಲಿಲ್ಲ, ಇದ್ದ ಅಭಿಪ್ರಾಯಕ್ಕೆ ಬೆನ್ನು ಕೊಟ್ಟಿತು. ನಾನು ಓದಿಕೊಂಡಿರುವುದು ಹೀಗೆ. ಅಮ್ಮನೂ ಇಲ್ಲಿ ಬರೀ ಮಮತೆಯ ಮೂರ್ತಿಯಲ್ಲ. ಸದನದ ಚರ್ಚೆಯನ್ನು ಹಿಂಬಾಲಿಸಿ, ಲೆಕ್ಕ ಹಾಕಿ, ಸರಿಯಾದ ಹೊತ್ತಿಗೆ ತನ್ನ ಪ್ರತಿನಿಧಿಗೆ ಪತ್ರ ಬರೆದ ನಾಗರಿಕಳು. ಪ್ರತಿನಿಧಿ ಆಕೆಯ ಮಗನಾಗಿದ್ದ, ಅಷ್ಟೇ.

ಕಿಟಕಿಯಿಂದ ಹೊರಬಿದ್ದು ಓಡಿಹೋದರಂತೆ, ನಿಜವೇ?

ಸಿಟ್ಟಿಗೆದ್ದ ಗುಂಪಿನಿಂದ ತಪ್ಪಿಸಿಕೊಳ್ಳಲು ಕಟ್ಟಡದ ಅಂಚಿನ ಮೇಲೆ ನಡೆದು ಅಟ್ಟ ಸೇರಿ ಅವಿತುಕೊಂಡರು ಎಂಬುದು ಬಾಯಿಂದ ಬಾಯಿಗೆ ಬೆಳೆದ ಕತೆ. ಸ್ವಾರಸ್ಯವಾಗಿದೆ, ಇತಿಹಾಸವಾಗಿ ಅದರ ಮೇಲೆ ಭಾರ ಹಾಕಬೇಡಿ.

ಅವರ ಮೇಲೆ ಲಂಚದ ಆರೋಪ ಬಂದಿತ್ತೇ?

ಬಂದಿತ್ತು. ಮರುದಿನದ ಹೇಳಿಕೆಯ ಆರಂಭದಲ್ಲಿಯೇ ಅದರಲ್ಲಿ ಎಳ್ಳಷ್ಟೂ ಸತ್ಯವಿಲ್ಲ ಎಂದು ಬರ್ನ್ ಖಡಾಖಂಡಿತವಾಗಿ ತಳ್ಳಿಹಾಕಿದರು. ಅತ್ತ ಲೂಸಿಯಾನಾದ ಮಾಜಿ ಗವರ್ನರ್ ಒಬ್ಬರ ಪತ್ನಿ ನಯೋಟಾದ ಮನೆಗೇ ಬಂದು, ಕಾಗದ ತನ್ನದಲ್ಲ ಎಂದು ಹೇಳಿಸಲು ಫೆಬ್ ಅವರನ್ನು ಒತ್ತಾಯಿಸಿದರು. ಫೆಬ್ ಜಗ್ಗಲಿಲ್ಲ. ಕಾಗದ ನನ್ನದೇ, ಮಗನ ನಿಲುವಿಗೆ ನನ್ನ ಬೆಂಬಲವಿದೆ ಎಂದು ನ್ಯಾಶ್‌ವಿಲ್‌ಗೆ ತಂತಿ ಕಳಿಸಿದರು.

ವಿರೋಧಿಗಳು ಅಲ್ಲಿಗೆ ಬಿಟ್ಟರೇ?

ಇಲ್ಲ. ಮೂವತ್ತಕ್ಕೂ ಹೆಚ್ಚು ಶಾಸಕರು ರಾತ್ರಿ ರೈಲು ಹತ್ತಿ ಅಲಬಾಮಾದ ಡೆಕೇಟರ್ ಊರಿಗೆ ಹೋಗಿ ಕೂತರು, ಕೋರಂ ಇಲ್ಲದೆ ಸದನ ನಡೆಯದಿರಲಿ ಎಂದು. ಉಳಿದವರು ಆಗಸ್ಟ್ 21ರಂದು ಸೇರಿ ಮರುಪರಿಶೀಲನೆಯ ಸೂಚನೆಯನ್ನು ತಳ್ಳಿಹಾಕಿದರು. ಕೋರ್ಟಿನ ತಡೆ ತೆರವಾದ ಮೇಲೆ 24ರಂದು ಗವರ್ನರ್ ಪ್ರಮಾಣಪತ್ರಕ್ಕೆ ಸಹಿ ಮಾಡಿದರು. 26ರ ಬೆಳಗಿನ ಜಾವ ವಿದೇಶಾಂಗ ಕಾರ್ಯದರ್ಶಿ ಬೇನ್‌ಬ್ರಿಜ್ ಕೋಲ್ಬಿ ತಮ್ಮ ಮನೆಯಲ್ಲೇ, ಯಾವ ಸಮಾರಂಭವೂ ಇಲ್ಲದೆ, ಘೋಷಣೆಗೆ ಸಹಿ ಹಾಕಿದರು. ಟೆನೆಸ್ಸಿಯ ಅನುಮೋದನೆಯನ್ನು ಪ್ರಶ್ನಿಸಿದ ದಾವೆಯನ್ನು 1922ರಲ್ಲಿ ಸುಪ್ರೀಂ ಕೋರ್ಟ್ ವಜಾ ಮಾಡಿತು.

ಇದರಿಂದ ಎಲ್ಲ ಮಹಿಳೆಯರಿಗೂ ಮತ ಸಿಕ್ಕಿತೇ?

ಇಲ್ಲ. ಕಾಗದದ ಮೇಲೆ ಸಿಕ್ಕಿತು, ದಕ್ಷಿಣದ ರಾಜ್ಯಗಳ ಕಪ್ಪು ಮಹಿಳೆಯರಲ್ಲಿ ಹೆಚ್ಚಿನವರಿಗೆ ಮತಗಟ್ಟೆಯಲ್ಲಿ ಸಿಗಲಿಲ್ಲ. ತಲೆಗಂದಾಯ, ಅಕ್ಷರ ಪರೀಕ್ಷೆ, ಬೆದರಿಕೆಗಳು ದಾರಿಗಡ್ಡ ನಿಂತವು. 1965ರ ಮತದಾನ ಹಕ್ಕು ಕಾಯಿದೆಯವರೆಗೆ ಆ ಹೋರಾಟ ಎಳೆಯಿತು. ಬರ್ನ್ ಅವರ ಹೇಳಿಕೆಯಲ್ಲಿಯೇ ಒಂದು ಮುಳ್ಳಿದೆ: ತಮ್ಮ ಗುಡ್ಡಗಾಡು ಸೀಮೆಯನ್ನು ಜಗತ್ತಿನಲ್ಲೇ ಅತಿ ಶುದ್ಧ ಆಂಗ್ಲೋ-ಸ್ಯಾಕ್ಸನ್ ಪ್ರದೇಶ ಎಂದು ಅವರು ಹೆಮ್ಮೆಯಿಂದ ಕರೆದಿದ್ದಾರೆ. ಆ ಸಾಲನ್ನು ಕತ್ತರಿಸಿ ಉಳಿದದ್ದನ್ನು ಮಾತ್ರ ಕೊಂಡಾಡುವುದು ಸರಿಯೆನಿಸುವುದಿಲ್ಲ. ಜನಾಂಗದ ಗರ್ವವೂ ಹಕ್ಕಿನ ಮೇಲಿನ ನಂಬಿಕೆಯೂ ಒಂದೇ ಹೇಳಿಕೆಯಲ್ಲಿ ಒಟ್ಟಿಗೆ ಕೂತಿವೆ.

ಅದೇ ಸಭಾಂಗಣದ ಇನ್ನೊಂದು ದೃಶ್ಯವನ್ನೂ ಇಲ್ಲಿ ಹೇಳಬೇಕು. ಆ ಮತದಾನಕ್ಕೆ ಮೂರು ತಿಂಗಳು ಮೊದಲು, 1920ರ ಮೇ ತಿಂಗಳಲ್ಲಿ, ಮಹಿಳಾ ಮತದಾರರ ಸಮಾವೇಶದಲ್ಲಿ ನ್ಯಾಶ್‌ವಿಲ್‌ನ ಕಪ್ಪು ನಾಯಕಿ ಜೂನೊ ಫ್ರಾಂಕಿ ಪಿಯರ್ಸ್ ಮಾತಾಡಿ, ತಮ್ಮವರಿಗೆ ನ್ಯಾಯವಾದ ಪಾಲು ಕೊಡಿ ಎಂದು ಕೇಳಿದ್ದರು. ಕಪ್ಪು ಹೆಣ್ಣುಮಕ್ಕಳಿಗೆ ವೃತ್ತಿ ತರಬೇತಿ ಶಾಲೆ ಬೇಕೆಂಬ ಅವರ ಬೇಡಿಕೆಗೆ 1921ರಲ್ಲಿ ಶಾಸನಸಭೆ ಒಪ್ಪಿತು, 1923ರಲ್ಲಿ ಶಾಲೆ ತೆರೆಯಿತು.

ಆ ಮತದ ನಂತರ ಬರ್ನ್ ಅವರ ರಾಜಕೀಯ ಮುಗಿದುಹೋಯಿತೇ?

ವಿರೋಧವಿದ್ದರೂ 1920ರ ನವೆಂಬರಿನಲ್ಲಿ ಮತ್ತೆ ಗೆದ್ದರು, 1922ರವರೆಗೆ ಕೆಳಮನೆಯಲ್ಲಿದ್ದರು. 1923ರಲ್ಲಿ ವಕೀಲಿ ಸನ್ನದು ಪಡೆದರು. 1930ರಲ್ಲಿ ಗವರ್ನರ್ ಹುದ್ದೆಗೆ ಪ್ರಯತ್ನಿಸಿ ಸೋತರು. 1948ರಿಂದ 1952ರವರೆಗೆ ರಾಜ್ಯದ ಮೇಲ್ಮನೆಯಲ್ಲಿ ಸೆನೆಟರ್. ರಾಕ್‌ವುಡ್ ಪಟ್ಟಣದಲ್ಲಿ ಬ್ಯಾಂಕೊಂದರ ಅಧ್ಯಕ್ಷರಾಗಿದ್ದರು. 1953, 1959, 1965 ಮತ್ತು 1971ರಲ್ಲಿ ರಾಜ್ಯದ ಸಂವಿಧಾನವನ್ನು ತಿದ್ದಲು ಸೇರಿದ ಸಮಾವೇಶಗಳಿಗೆ ಪ್ರತಿನಿಧಿಯಾಗಿದ್ದರು.

ಕೊನೆಯ ಈ ಕೆಲಸದ ಬಗ್ಗೆ ಯಾರೂ ಮಾತಾಡುವುದಿಲ್ಲ, ನನಗೆ ಅದೇ ಮುಖ್ಯವಾಗಿ ಕಾಣುತ್ತದೆ. 1870ರಿಂದ ಒಂದು ಅಕ್ಷರವೂ ಬದಲಾಗದಿದ್ದ ಟೆನೆಸ್ಸಿಯ ಸಂವಿಧಾನವನ್ನು ಮೊದಲ ಬಾರಿಗೆ ತಿದ್ದಿದ್ದು 1953ರ ಸಮಾವೇಶ. ಬಡವರನ್ನೂ ಕಪ್ಪು ಜನರನ್ನೂ ಮತಗಟ್ಟೆಯಿಂದ ದೂರವಿಟ್ಟಿದ್ದ ತಲೆಗಂದಾಯದ ಬೇರು ಕಿತ್ತದ್ದು ಅಲ್ಲಿಯೇ. ದಿನಕ್ಕೆ 4 ಡಾಲರ್ ಎಂಬ ಹಳೆಯ ಭತ್ಯೆಯೂ ಅಲ್ಲೇ ಬದಲಾಯಿತು. 24ರ ಹರೆಯದಲ್ಲಿ ಒಂದು ಬಾಗಿಲು ತೆರೆದ ವ್ಯಕ್ತಿ, ಇನ್ನೊಂದು ಬಾಗಿಲಿನ ಅಗುಳಿ ತೆಗೆದ ಸಭೆಯಲ್ಲೂ ಕೂತಿದ್ದರು.

ಅವರ ಖಾಸಗಿ ಬದುಕು?

ಎರಡು ಮದುವೆ. ಮೊದಲನೆಯದು ಬೇಗ ಮುರಿದುಬಿತ್ತು. ಎರಡನೆಯ ಮದುವೆಯಿಂದ ಒಬ್ಬ ಮಗ. ತಾಯಿ ಫೆಬ್ 1945ರಲ್ಲಿ ತೀರಿಕೊಂಡರು. ಹ್ಯಾರಿ ಬರ್ನ್ ತೀರಿಕೊಂಡದ್ದು 1977ರ ಫೆಬ್ರವರಿ 19ರಂದು, ನಯೋಟಾದಲ್ಲಿಯೇ.

ಇಂದು ನೋಡಲು ಏನು ಉಳಿದಿದೆ?

ಕಾಗದ ಉಳಿದಿದೆ. ನಾಕ್ಸ್‌ವಿಲ್ ನಗರದ ಸಾರ್ವಜನಿಕ ಗ್ರಂಥಾಲಯದ ಸಂಗ್ರಹದಲ್ಲಿ ಅದನ್ನು ಜೋಪಾನ ಮಾಡಿದ್ದಾರೆ. ಅದೇ ನಗರದಲ್ಲಿ 2018ರಲ್ಲಿ ತಾಯಿ ಮಗನ ಪ್ರತಿಮೆ ನಿಂತಿದೆ, ಶಿಲ್ಪಿ ಅಲನ್ ಲೆಕ್ವೈರ್. ಮಗ ಕುರ್ಚಿಯಲ್ಲಿ ಕೂತಿದ್ದಾರೆ, ತಾಯಿ ಹಿಂದೆ ನಿಂತಿದ್ದಾರೆ.

ನಯೋಟಾಗೆ ಹೋದರೆ, 1850ರ ದಶಕದಲ್ಲಿ ಕಟ್ಟಿದ ರೈಲು ನಿಲ್ದಾಣ ಇಂದಿಗೂ ಇದೆ, ಹ್ಯಾರಿಯ ತಂದೆ ಮಾಸ್ತರರಾಗಿದ್ದ ನಿಲ್ದಾಣ. ಈಗ ಅಲ್ಲಿ ಊರಿನ ಆಡಳಿತ ಕಚೇರಿ ನಡೆಯುತ್ತದೆ. 1988ರಿಂದ 1992ರವರೆಗೆ ಆ ಊರಿನ ಮೇಯರ್ ಸ್ಥಾನದಲ್ಲೂ ಆಡಳಿತ ಮಂಡಳಿಯಲ್ಲೂ ಇದ್ದವರೆಲ್ಲ ಮಹಿಳೆಯರೇ.